ಉಡುಪಿಯ ಕಡಲತೀರ: ಹೋಗಿ ಬರುವ ಮರಳು

ಮಲ್ಪೆ, ಕಾಪು, ಪಡುಬಿದ್ರಿಯ ಕಡಲತೀರಗಳಿಗೆ ಪ್ರವಾಸಿಗರು ದಂಡಿಯಾಗಿ ಬರುವುದು ದೀಪಾವಳಿ ಕಳೆದ ಮೇಲೆ. ಆಗ ಅವರು ಕಾಣುವ ಅಗಲವಾದ, ನೀರಿನತ್ತ ಮೆಲ್ಲನೆ ಇಳಿಯುವ ದಂಡೆ ಬಹುಪಾಲು ಆ ವರ್ಷವೇ ಮರಳಿ ಕಟ್ಟಿಕೊಂಡದ್ದು. ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು ಆಟಿಯಲ್ಲಿ ಅದೇ ಜಾಗದಲ್ಲಿ ಮರಳು ಕೊಚ್ಚಿಹೋಗಿ, ತೆಂಗಿನ ಬೇರುಗಳು ಹೊರಬಿದ್ದಿರುತ್ತವೆ.

ಜೂನ್ ಮೊದಲ ವಾರದ ಹೊತ್ತಿಗೆ ಕರಾವಳಿಗೆ ತಲುಪುವ ನೈಋತ್ಯ ಮುಂಗಾರು ಮಳೆಯ ಜೊತೆಗೆ ಎತ್ತರದ ಅಲೆಗಳನ್ನೂ ತರುತ್ತದೆ. ಒಂದರ ಬೆನ್ನಿಗೊಂದು ಅಪ್ಪಳಿಸುವ ಈ ಅಲೆಗಳ ನೀರು ಮರಳಿನಲ್ಲಿ ಇಂಗುವಷ್ಟು ಪುರುಸೊತ್ತಿಲ್ಲದೆ ರಭಸದಿಂದ ಹಿಂದಿರುಗುತ್ತದೆ. ಹೋಗುವಾಗ ದಂಡೆಯ ಮರಳನ್ನು ಎಳೆದೊಯ್ದು, ತುಸು ದೂರದಲ್ಲಿ ನೀರಿನಡಿ ದಿಬ್ಬವಾಗಿ ಒಟ್ಟುತ್ತದೆ. ಆ ದಿಬ್ಬದ ಮೇಲೆ ಹಿಂದಿನಿಂದ ಬರುವ ಅಲೆಗಳು ಮೊದಲೇ ಒಡೆಯುವುದರಿಂದ ದಡಕ್ಕೆ ತಾಗುವ ಪೆಟ್ಟು ಕಡಿಮೆಯಾಗುತ್ತದೆ. ಮಳೆಗಾಲ ಮುಗಿದ ಬಳಿಕ ಬರುವ ತಗ್ಗಾದ, ಉದ್ದನೆಯ ಅಲೆಗಳು ಅದೇ ಮರಳನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಳ್ಳುತ್ತವೆ. ಈ ಅದಲುಬದಲಿನ ಗುರುತು ದಂಡೆಯಲ್ಲೇ ಇದೆ: ಅಲೆಗಳು ಹಗುರವಾದ ಬಿಳಿ ಹರಳುಗಳನ್ನು ಒಯ್ದಾಗ ಭಾರದ ಖನಿಜಗಳು ಕಪ್ಪು ಗೆರೆಗಳಾಗಿ ಉಳಿಯುತ್ತವೆ. ಅಲ್ಲಿ ಅಯಸ್ಕಾಂತ ಆಡಿಸಿದರೆ ಮ್ಯಾಗ್ನೆಟೈಟ್ ಕಣಗಳು ಅಂಟಿಕೊಳ್ಳುತ್ತವೆ.

ಈ ಮರಳಿನ ಬಹುಭಾಗ ಘಟ್ಟದ ಕಡೆಯಿಂದ ಬಂದದ್ದು. ಮಲ್ಪೆಯಿಂದ ಆಗುಂಬೆಗೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಅಷ್ಟೇ, ಕಡಲಿನ ತೇವ ತುಂಬಿದ ಗಾಳಿ ಆ ಕಡಿದಾದ ಗೋಡೆಯನ್ನೇರಿ ತಣಿಯುವುದರಿಂದಲೇ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಸ್ವರ್ಣಾ, ಸೀತಾ ನದಿಗಳು ಕೆಂಪಾಗಿ ಉಕ್ಕಿ ಇಳಿಯುವುದು ಆಗಲೇ.

ಇವೆರಡೂ ಕೂಡಿ ಕಡಲು ಸೇರುವ ಕೋಡಿ ಬೆಂಗ್ರೆಯನ್ನು ನಮ್ಮ ಜಿಲ್ಲೆಯ ಅತ್ಯುತ್ತಮ ಭೂಗೋಳದ ಪಾಠಶಾಲೆ ಎಂದು ನಾನು ಭಾವಿಸುತ್ತೇನೆ. ಹೂಡೆಯಿಂದ ಅಲ್ಲಿಗೆ ಹೋಗುವ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಕಿರಿದಾದ ಮರಳ ಪಟ್ಟಿ. ಕಡಲ ಅಲೆಗಳು ದಡಕ್ಕೆ ಓರೆಯಾಗಿ ಬಡಿಯುತ್ತ ಮರಳನ್ನು ತೀರದುದ್ದಕ್ಕೂ ಸಾಗಿಸುತ್ತವೆ. ಹೊಳೆ ಅದನ್ನು ಸೀಳಿಕೊಂಡು ಕಡಲಿಗೆ ದಾರಿ ಮಾಡಿಕೊಳ್ಳಬೇಕು. ಹೊಳೆ ಕಡಲು ಸೇರುವ ಅಳಿವೆ ಬಾಗಿಲು ಈ ಹಗ್ಗಜಗ್ಗಾಟದಲ್ಲೇ ಉಳಿದಿದೆ. ಬಾಗಿಲಲ್ಲಿ ಹೂಳು ತುಂಬಿದರೆ ದೋಣಿ ದಾಟಿಸುವುದು ಅಪಾಯವೆಂದು ಮೀನುಗಾರರು ಆತಂಕಪಡುವುದು ಸುಮ್ಮನೆ ಅಲ್ಲ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಬೇರೆಯೇ ನೆಲ ಸಿಗುತ್ತದೆ. ಅಲ್ಲಿಗೆ ಮರಳು ತರುವ ಹೊಳೆಯಿಲ್ಲ, ಕಾಲಡಿ ಸಿಗುವುದು ರಾಶಿ ರಾಶಿ ಚಿಪ್ಪಿನ ಚೂರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗಿದಾಗ ಬಿರುಕುಬಿಟ್ಟು, ಆರು ಮುಖದ, ಕೆಲವೆಡೆ ಐದು ಇಲ್ಲವೆ ಏಳು ಮುಖದ ಕಂಬಗಳಾಗಿ ನಿಂತಿದೆ.

ಮಳೆಗಾಲದಲ್ಲಿ ದ್ವೀಪದ ದೋಣಿ ನಿಲ್ಲುತ್ತದೆ, ತೀರದಲ್ಲಿ ನೀರಿಗಿಳಿಯದಂತೆ ತಡೆ ಹಾಕುತ್ತಾರೆ. ಸೆಪ್ಟೆಂಬರಿನಲ್ಲಿ ಬಿಸಿಲು ಬಂತೆಂದು ಇಳಿಯುವವರು ಒಂದು ಮಾತು ತಿಳಿದಿರಬೇಕು: ನೀರಿನಡಿಯ ದಿಬ್ಬ ಇನ್ನೂ ಅಲ್ಲೇ ಇರುತ್ತದೆ, ಅದರ ಸಂದುಗಳಲ್ಲಿ ನೀರು ಕಡಲಿನತ್ತ ಬಲವಾಗಿ ಸೆಳೆಯುತ್ತದೆ. ಸಿಕ್ಕಿಬಿದ್ದವರು ದಡಕ್ಕೆ ನೇರವಾಗಿ ಈಜದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಮನೆ, ರಸ್ತೆ ಉಳಿಸಲು ಕಲ್ಲಿನ ಗೋಡೆ ಕೆಲವೆಡೆ ಅನಿವಾರ್ಯವೆಂದು ಒಪ್ಪುತ್ತೇನೆ. ಆದರೆ ಗೋಡೆಗೆ ಬಡಿದು ಹಿಂದಿರುಗುವ ಅಲೆ ಮುಂದಿನ ಮರಳನ್ನೇ ಕೆದಕುತ್ತದೆ, ಗೋಡೆ ಮುಗಿಯುವ ಕಡೆ ಕೊರೆತ ಹೆಚ್ಚುತ್ತದೆ. ಮೇಕೆಯ ಗೊರಸಿನಂತೆ ಸೀಳಿದ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿ ಇನ್ನೂ ಹರಡಿಕೊಂಡಿರುವ ದಂಡೆಗಳಲ್ಲಿ, ಅದನ್ನು ಕಳೆಯೆಂದು ಕಿತ್ತು ಸ್ವಚ್ಛ ಮಾಡುವುದನ್ನು ಮೊದಲು ನಿಲ್ಲಿಸಬೇಕು. ಗಾಳಿಗೆ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಆ ಬಳ್ಳಿಯೇ.