ಮಗು ಪಕ್ಕದಲ್ಲಿ ಗೊಂಬೆ, ಬಟ್ಟೆ ಇಟ್ಟು ಮಲಗಿಸ್ಬೋದಾ? ‘ಅಭ್ಯಾಸ’ ಆಗ್ಬಿಡಲ್ವಾ?

ಪ್ರಶ್ನೆ: ನಮ್ಮ ಪಾಪುಗೆ ಒಂದೂವರೆ ವರ್ಷ. ರಾತ್ರಿ ಮಲಗೋಕೆ ತುಂಬಾ ಹಠ, ಮಧ್ಯ ಮಧ್ಯ ಎಚ್ಚರಾಗಿ ನನ್ನ ಸೆರಗು ಹುಡುಕ್ತಾಳೆ. ಟೆಡ್ಡಿ ಬೇರ್ ಥರದ್ದು ಏನಾದ್ರೂ ಕೊಟ್ಟು ಮಲಗಿಸಿದ್ರೆ ಆಗತ್ತಾ? ಯಾವುದು ತಗೊಳ್ಳೋದು? ನಮ್ಮತ್ತೆ ಬೇಡ್ವೇ ಬೇಡ, ಆಮೇಲೆ ಅಭ್ಯಾಸ ಬಿಡ್ಸೋಕಾಗಲ್ಲ ಅಂತಾರೆ. (ತೀರ್ಥಹಳ್ಳಿ ಕಡೆಯ ಒಬ್ಬರು ಅಮ್ಮ)

ಉತ್ತರ: ಈ ಪ್ರಶ್ನೆ ನಂಗೆ ವರ್ಷಾ ವರ್ಷ ಬರತ್ತೆ. ಸಾಗರದಿಂದ, ಹೊಸನಗರದಿಂದ, ಇಲ್ಲೇ ಶಿವಮೊಗ್ಗದ ನಮ್ಮ ಶಿಶುವಿಹಾರದ ಗೇಟ್ ಹತ್ರ ನಿಂತ್ಕೊಂಡೂ ಕೇಳ್ತಾರೆ. ಒಬ್ಬೊಬ್ರಿಗೂ ಬಿಡಿ ಬಿಡಿಯಾಗಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಈ ಸಲ ಪೂರ್ತಿ ಬರೀತಿದೀನಿ, ಇನ್ಮುಂದೆ ಯಾರು ಕೇಳಿದ್ರೂ ಇದನ್ನೇ ಓದಿ ಅಂತೀನಿ.

ಕೊಡ್ಬೋದು. ಮಗುಗೆ ಒಂದು ವರ್ಷ ತುಂಬಿರ್ಬೇಕು ಅಷ್ಟೆ. ಇನ್ನು ಯಾವುದು ಅನ್ನೋದಕ್ಕೆ ಉತ್ತರ ನಿಮ್ಮ ಪ್ರಶ್ನೇಲೇ ಇದೆಯಲ್ಲ ಮಾರಾಯ್ರೆ, ಸೆರಗು ಹುಡುಕ್ತಾಳೆ ಅಂದ್ರಲ್ಲ, ಅಂದ್ರೆ ಅವಳು ಆಗ್ಲೇ ಆರಿಸ್ಕೊಂಡಾಗಿದೆ. ಗಾಂಧಿ ಬಜಾರಿಗೆ ಹೋಗಿ ಮಗು ಗಾತ್ರದ ಕರಡಿ ತರೋದೇನೂ ಬೇಡ, ನೀವು ಉಟ್ಟು ಉಟ್ಟು ಮೆತ್ತಗಾಗಿರೋ ಒಂದು ಕಾಟನ್ ಸೀರೆ ಸಾಕು.

ಒಂದು ವರ್ಷದೊಳಗಿನ ಕೂಸುಗಳ ವಿಷ್ಯ ಬೇರೆ, ಅದನ್ನ ಇಲ್ಲೇ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದ್ರಲ್ಲಿ ಚರ್ಚೆ ಇಲ್ಲ. ಮಲಗೋ ಜಾಗದಲ್ಲಿ ಗೊಂಬೆ, ದಿಂಬು, ಸಡಿಲ ಹೊದಿಕೆ, ಸೀರೆ ತುಂಡು ಯಾವುದೂ ಇರಬಾರದು. ಮುಖದ ಮೇಲೆ ಬಟ್ಟೆ ಬಿದ್ರೆ ಅದನ್ನ ಸರಿಸ್ಕೊಳ್ಳೋ ಶಕ್ತಿ ಆ ವಯಸ್ಸಿಗೆ ಇರಲ್ಲ, ಉಸಿರು ಕಟ್ಟತ್ತೆ. ಅಮೆರಿಕದ ಮಕ್ಕಳ ಡಾಕ್ಟ್ರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2022ರಲ್ಲಿ ಹೊಸದಾಗಿ ಹೊರಡಿಸಿದ ಸಲಹೇಲೂ ಇದೇ ಇದೆ, ಅಂಗಾತ ಮಲಗಿಸಿ, ಹಾಸು ಗಟ್ಟಿ ಇರ್ಲಿ, ಸುತ್ತ ಏನೂ ಇಡ್ಬೇಡಿ ಅಂತ. ತಲೆ ಗುಂಡಗಾಗ್ಲಿ ಅಂತ ಇಡೋ ಸಾಸಿವೆ ದಿಂಬೂ ಇದ್ರಲ್ಲೇ ಬರತ್ತೆ. ಆಗುಂಬೆ ಕಡೆ ಚಳೀಲಿ ಏನ್ ಮಾಡೋದು ಅಂದ್ರೆ ಮೈಗೆ ಒಂದು ಅಂಗಿ ಜಾಸ್ತಿ ಹಾಕಿ, ಕಂಬಳಿ ಮುಚ್ಬೇಡಿ.

ಈಗ ಅತ್ತೆಯವ್ರ ಮಾತಿಗೆ ಬರ್ತೀನಿ. ಅವ್ರ ಮೇಲೆ ನಂಗೆ ಸಿಟ್ಟಿಲ್ಲ, ಮಗು ಮೇಲಿನ ಕಾಳಜಿಗೇ ಹೇಳ್ತಿರೋದು. ಆದ್ರೆ ಈ ‘ಅಭ್ಯಾಸ ಆಗ್ಬಿಡತ್ತೆ’ ಅನ್ನೋದು ಎಷ್ಟು ಸಲ ತಪ್ಪು ಅಂತ ತೋರಿಸಿದ್ರೂ ಮತ್ತೆ ಎದ್ದು ಬರತ್ತೆ. ಅದ್ರ ಜೊತೆ ಇನ್ನೆರಡು ಮಾತು ಅಂಟ್ಕೊಂಡೇ ಇರತ್ತೆ. ಹಿಂಗೆ ಬಟ್ಟೆ ಹಿಡ್ಕೊಳ್ಳೋ ಮಗುಗೆ ಧೈರ್ಯ ಇರಲ್ಲ ಅಂತ ಒಂದು. ಅಮ್ಮನ ಪ್ರೀತಿ ಸಾಲದ್ದಕ್ಕೇ ಬಟ್ಟೆ ಹಿಡ್ಕೊಳ್ಳತ್ತೆ ಅಂತ ಇನ್ನೊಂದು. ಎರಡ್ನೇ ಮಾತು ಕೇಳಿಸ್ಕೊಂಡು ಅತ್ತಿರೋ ಅಮ್ಮಂದಿರನ್ನ ನಾನು ನೋಡಿದೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಡೊನಾಲ್ಡ್ ವಿನಿಕಾಟ್ ಅಂತ ಲಂಡನ್ನಿನ ಮಕ್ಕಳ ಡಾಕ್ಟ್ರು ಒಬ್ಬರಿದ್ರು, ಮನೋವಿಶ್ಲೇಷಣೆನೂ ಮಾಡ್ತಿದ್ರು. ಮಕ್ಕಳು ಹಿಡ್ಕೊಂಡು ಮಲಗೋ ಈ ಹರಕು ಬಟ್ಟೆ, ಗೊಂಬೆಗಳ ಬಗ್ಗೇನೇ ಅವ್ರು ಬರೆದ ಲೇಖನ 1953ರಲ್ಲಿ ಅಚ್ಚಾಯ್ತು, ಈಗ್ಲೂ ಮಕ್ಕಳ ಮನಸ್ಸಿನ ಬಗ್ಗೆ ಓದೋರು ಅಲ್ಲಿಂದ್ಲೇ ಶುರು ಮಾಡೋದು. ಅವ್ರು ಹೇಳಿದ್ದಿಷ್ಟು. ಅಮ್ಮ ಬೇರೆ, ತಾನು ಬೇರೆ ಅಂತ ಮಗುಗೆ ಗೊತ್ತಾಗೋ ಕಾಲ ಒಂದು ಬರತ್ತೆ. ಆಗ ಅಮ್ಮ ಕಣ್ಮುಂದೆ ಇಲ್ದಿದ್ರೂ ಅಮ್ಮನ ಹತ್ರ ಇದ್ದಂಗೆ ಅನ್ಸೋ ವಸ್ತು ಒಂದನ್ನ ಮಗು ತಾನೇ ಹುಡುಕ್ಕೊಳ್ಳತ್ತೆ, ಅದು ಬೆಳವಣಿಗೆಯ ಲಕ್ಷಣ, ಕಾಯಿಲೆ ಅಲ್ಲ. ಸಾಕಷ್ಟು ಪ್ರೀತಿ ಸಿಕ್ಕಿರೋ ಮಗುನೇ ಆ ಪ್ರೀತಿನ ಒಂದು ಬಟ್ಟೆಗೆ ದಾಟಿಸೋಕೆ ಸಾಧ್ಯ. ಪ್ರೀತಿ ಸಾಲ್ಲಿಲ್ಲ ಅನ್ನೋರು ವಿಷ್ಯನ ಪೂರ್ತಿ ತಲೆಕೆಳಗೆ ಮಾಡಿದಾರೆ.

ಧೈರ್ಯದ ಮಾತು ತಗೊಳ್ಳಿ. 1975ರಲ್ಲಿ ಪಾಸ್‌ಮನ್ ಮತ್ತೆ ವೈಸ್‌ಬರ್ಗ್ ಅನ್ನೋ ಇಬ್ರು ಅಮೆರಿಕದಲ್ಲಿ ಇದನ್ನ ನೇರವಾಗಿ ಪರೀಕ್ಷೆ ಮಾಡಿದ್ರು. ಚಿಕ್ಕ ಮಕ್ಕಳನ್ನ ಅವ್ರು ಯಾವತ್ತೂ ನೋಡಿರದ ಕೋಣೆಗೆ ಬಿಟ್ರು. ಕೆಲವ್ರ ಜೊತೆ ಅಮ್ಮ, ಕೆಲವ್ರ ಜೊತೆ ಅವ್ರ ಹೊದಿಕೆ, ಕೆಲವ್ರ ಜೊತೆ ಇಷ್ಟದ ಆಟಿಕೆ, ಇನ್ನು ಕೆಲವ್ರ ಹತ್ರ ಏನೂ ಇಲ್ಲ. ಹೊದಿಕೆಗೆ ಅಂಟ್ಕೊಂಡಿದ್ದ ಮಕ್ಕಳು, ಅದು ಪಕ್ಕದಲ್ಲಿದ್ದಾಗ, ಅಮ್ಮ ಪಕ್ಕದಲ್ಲಿದ್ದ ಮಕ್ಕಳಷ್ಟೇ ಆರಾಮಾಗಿ ಓಡಾಡಿ ಆಡಿದ್ರು, ಅಳ್ಲಿಲ್ಲ. ಬರೀ ಆಟಿಕೆ ಇದ್ದೋರು, ಏನೂ ಇಲ್ದೇ ಇದ್ದೋರು ಬೇಗ ಕಂಗೆಟ್ರು. ಈಗ ಹೇಳಿ, ಬಟ್ಟೆ ಧೈರ್ಯ ಕಮ್ಮಿ ಮಾಡ್ತೋ, ಜಾಸ್ತಿ ಮಾಡ್ತೋ?

ನಮ್ಮ ಶಿಶುವಿಹಾರದಲ್ಲೇ ಬಂದು ನೋಡಿ. ಜೂನಲ್ಲಿ ಹೊಸದಾಗಿ ಸೇರಿದ ಮಗು, ಹೊರಗೆ ಧೋ ಅಂತ ಮಳೆ, ಕೈಯಲ್ಲಿ ಅಮ್ಮನ ಸೀರೆ ತುಂಡು. ತೋರುಬೆರಳು ಹೆಬ್ಬೆರಳ ಮಧ್ಯೆ ಆ ಸೀರೆ ಅಂಚನ್ನ ತಿರುಗಿಸ್ತಾ ತಿರುಗಿಸ್ತಾ, ನೂಲು ದಪ್ಪ ಇರೋ ಜಾಗ ಸಿಕ್ಕಿದ ತಕ್ಷಣ ಅದನ್ನ ಮೇಲ್ತುಟಿಗೆ ಉಜ್ಜಿ ಕಣ್ಣು ಮುಚ್ಚತ್ತೆ. ಮಧ್ಯಾಹ್ನದ ನಿದ್ದೆಗೆ ನಾವು ತಟ್ಟೋ ಅಗತ್ಯನೇ ಇರಲ್ಲ. ಅದೇ ಮಗು ದಸರಾ ರಜೆ ಮುಗಿಸಿ ಬಂದಾಗ ಬಟ್ಟೆನ ಬ್ಯಾಗಲ್ಲೇ ಬಿಟ್ಟು ಜಾರುಬಂಡಿ ಹತ್ರ ಓಡತ್ತೆ. ಯಾರೂ ಬಿಡ್ಸಿದ್ದಲ್ಲ. ವಿನಿಕಾಟ್ ಕೂಡ ಇದನ್ನೇ ಹೇಳಿದ್ದು, ಮಕ್ಕಳು ಆ ವಸ್ತುನ ಮರೆಯೋದೂ ಇಲ್ಲ, ಕಳ್ಕೊಂಡೆ ಅಂತ ದುಃಖ ಪಡೋದೂ ಇಲ್ಲ, ನಿಧಾನಕ್ಕೆ ಅದ್ರ ಅರ್ಥ ತಾನಾಗೇ ತೆಳುವಾಗತ್ತೆ.

ತೊಂದ್ರೆ ಬರೋದು ಬಲವಂತಕ್ಕೆ ಬಿಡ್ಸಿದಾಗ. ಒಂದು ಮನೇಲಿ ಅಜ್ಜ, ಇನ್ನು ಸಾಕು ಅಂತ ಮಗುವಿನ ಬಟ್ಟೆನ ಬಚ್ಚಲೊಲೆಗೆ ಹಾಕ್ಬಿಟ್ರು. ಆ ಮಗು ಅವತ್ತಿಂದ ಬೆರಳು ಚೀಪೋಕೆ ಶುರು ಮಾಡ್ತು. ಬಟ್ಟೆನಾದ್ರೂ ಹಾಸಿಗೆ ಮೇಲೇ ಬಿಟ್ಟು ಬರ್ಬೋದಿತ್ತು, ಬೆರಳನ್ನ ಎಲ್ಲಿ ಬಿಟ್ಟು ಬರೋದು? ದಯವಿಟ್ಟು ಸುಡ್ಬೇಡಿ, ಬಿಸಾಡ್ಬೇಡಿ, ಬೆಕ್ಕು ಒಯ್ತು ಅಂತ ಸುಳ್ಳು ಹೇಳ್ಬೇಡಿ. ದೊಡ್ಡದಾದ್ಮೇಲೆ ‘ಇದು ಹಾಸಿಗೇಲಿ ಮಾತ್ರ’ ಅಂತ ಒಂದು ನಿಯಮ ಮಾಡಿದ್ರೆ ಸಾಕು.

ಇದ್ರ ಉಲ್ಟಾ ತಪ್ಪೂ ಮಾಡ್ಬೇಡಿ. ಪಕ್ಕದ್ಮನೆ ಮಗು ಮೊಲದ ಗೊಂಬೆ ಹಿಡ್ಕೊಂಡು ಮಲಗತ್ತೆ, ನಮ್ಮದು ಏನೂ ಹಿಡ್ಕೊಳ್ಳಲ್ಲ, ಏನಾದ್ರೂ ಸಮಸ್ಯೆನಾ ಅಂತ ಕೇಳೋರೂ ಇದಾರೆ. ಅಮ್ಮನ ಮಗ್ಗುಲಲ್ಲೇ ಮಲಗೋ ಮಕ್ಕಳಲ್ಲಿ ಇದು ಕಮ್ಮಿನೇ. ಟೋಕಿಯೋ ಮತ್ತೆ ನ್ಯೂಯಾರ್ಕ್ ಮಕ್ಕಳನ್ನ ಹೋಲಿಸಿ 2003ರಲ್ಲಿ ಬಂದ ಅಧ್ಯಯನದಲ್ಲೂ ಟೋಕಿಯೋದಲ್ಲಿ ಇಂಥ ವಸ್ತು ಇಟ್ಕೊಂಡೋರು ಕಮ್ಮಿ ಇದ್ರು. ಅಮ್ಮನ ಕಿವಿ ಹಾಲೆ, ಬಳೆ, ಜಡೆ ಸಿಗೋವಾಗ ಗೊಂಬೆ ಯಾಕೆ ಬೇಕು ಅದಕ್ಕೆ.

ಸರಿ, ಮಾಡೋದು ಹೆಂಗೆ. ಹಳೇ ಸೀರೆಲಿ ಕೈ ಒರೆಸೋ ಟವಲ್ ಗಾತ್ರದ್ದು ಕತ್ತರಿಸಿ, ನಾಲ್ಕೂ ಕಡೆ ಮಡಚಿ ಹೊಲಿಯಿರಿ. ಜರಿ, ಕುಚ್ಚು, ಚಮಕಿ ಬೇಡ. ಕುತ್ತಿಗೆಗೆ ಸುತ್ಕೊಳ್ಳೋಷ್ಟು ಉದ್ದ ಬೇಡ. ಐದೂವರೆ ಮೀಟರ್ ಸೀರೆ ಇದೆ, ಒಂದೇ ತುಂಡು ಮಾಡಿ ನಿಲ್ಲಿಸ್ಬೇಡಿ, ಮೂರು ಮಾಡಿ, ಮೊದಲ ದಿನದಿಂದ್ಲೇ ಮೂರನ್ನೂ ಸರದಿ ಮೇಲೆ ಕೊಡಿ. ಕಳೆದ್ಮೇಲೆ ಅಂಥದ್ದೇ ಹೊಸದು ತಂದ್ರೆ ಮಗು ಒಪ್ಪಲ್ಲ. ಬ್ರೂಸ್ ಹುಡ್, ಪಾಲ್ ಬ್ಲೂಮ್ ಅನ್ನೋ ಮನಶ್ಶಾಸ್ತ್ರಜ್ಞರು ಮೂರರಿಂದ ಆರು ವರ್ಷದ ಮಕ್ಕಳಿಗೆ ‘ಈ ಪೆಟ್ಟಿಗೆ ನಿನ್ನ ಗೊಂಬೆಯ ಥರದ್ದೇ ಇನ್ನೊಂದು ಮಾಡ್ಕೊಡತ್ತೆ’ ಅಂತ ನಂಬಿಸಿ ನೋಡಿದ್ರು. ಕೆಲವ್ರು ಗೊಂಬೆನ ಪೆಟ್ಟಿಗೆ ಒಳಗೆ ಇಡೋಕೇ ಒಪ್ಲಿಲ್ಲ, ಇಟ್ಟೋರಲ್ಲೂ ಹೆಚ್ಚಿನೋರು ಹಳೇದನ್ನೇ ವಾಪಸ್ ಕೇಳಿದ್ರು. ಬಟ್ಟೆ ತಯಾರಾದ್ಮೇಲೆ ಒಂದೆರಡು ರಾತ್ರಿ ನಿಮ್ಮ ಮೈ ಹತ್ರ ಇಟ್ಕೊಂಡು ಮಲಗಿ, ವಾಸನೆ ಹಿಡೀಲಿ.

ಗೊಂಬೆನೇ ಬೇಕು ಅಂದ್ರೆ ಕಣ್ಣು ಮೂಗು ದಾರದಲ್ಲಿ ಹೊಲ್ದಿರ್ಬೇಕು, ಗುಂಡಿ ಅಲ್ಲ. ಐಎಸ್‌ಐ ಮಾರ್ಕ್ ನೋಡಿ, 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಜಾತ್ರೇಲಿ ಸಿಗೋ ರೋಮ ಉದುರೋ ನಾಯಿಮರಿ ಶೋಕೇಸಲ್ಲಿ ಇರ್ಲಿ. ಲೈಟು, ಹಾಡು ಇರೋದಂತೂ ಹಾಸಿಗೆಗೆ ಬೇಡ, ಒಳಗಿರೋ ಬಟನ್ ಸೆಲ್ (ಗುಂಡಿ ಥರದ ಪುಟ್ಟ ಬ್ಯಾಟರಿ) ನುಂಗಿದ್ರೆ ಎರಡೇ ಗಂಟೇಲಿ ಅನ್ನನಾಳ ಸುಟ್ಟು ಹೋಗ್ಬೋದು. ಮತ್ತೆ ಕಿವಿ ನೋವು, ಕಟ್ಟಿದ ಮೂಗು, ಹಸಿವಿಗೆ ಎದ್ದು ಅಳೋ ಮಗುಗೆ ಯಾವ ಬಟ್ಟೆಯೂ ಪರಿಹಾರ ಅಲ್ಲ, ಅದನ್ನ ಮೊದ್ಲು ನೋಡಿ.

ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು, ತೊಳೆದು ಒಣಗಿಸೋ ವಿಷ್ಯ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯತ್ತೆ, ಧೂಳಿನ ನುಸಿ ಹೆಚ್ಚಾಗತ್ತೆ, ಉಬ್ಬಸದ ಮಕ್ಕಳಿಗೆ ಇದು ನೇರ ತೊಂದ್ರೆ. ಹತ್ತಿ ತುಂಬಿದ ಗೊಂಬೆ ಆಷಾಢದಲ್ಲಿ ಒಳಗಿನ ತನಕ ಒಣಗೋ ಮಾತೇ ಇಲ್ಲ, ಸೀರೆ ತುಂಡು ಮೇಲು ಅಂತ ನಾನು ಹೇಳೋಕೆ ಇದೂ ಒಂದು ಕಾರಣ. 60 ಡಿಗ್ರಿ ಬಿಸಿ ನೀರಲ್ಲಿ ನುಸಿ ಸಾಯತ್ತೆ, ಹಂಡೇಲಿ ಅಷ್ಟು ಬಿಸಿ ನೀರು ನಮ್ಮನೇಲೆಲ್ಲ ಇದ್ದೇ ಇರತ್ತೆ. ಒಲೆ ಹತ್ರ ಗಳದ ಮೇಲೆ ಹರವಿ, ಆದ್ರೆ ಹೊಗೆ ನಿಂತು ಕೆಂಡ ಆದ್ಮೇಲೆ.

ಇನ್ನೊಂದು ಇದಕ್ಕಿಂತ ಮುಖ್ಯ. ಟ್ರಂಕಿಂದ ತೆಗೆದ ಸೀರೆಗೆ ನುಸಿಗುಳಿಗೆ ವಾಸನೆ ಇದ್ರೆ ಅದನ್ನ ಮಗುಗೆ ಕೊಡ್ಬೇಡಿ. ತೇವಕ್ಕೆ ಹೆದ್ರಿ ನಮ್ಮ ಕಡೆ ಬಾಣಂತಿ ಬಟ್ಟೆ, ಕೂಸಿನ ಬಟ್ಟೆ ಮಧ್ಯೆ ಕೂಡ ಈ ಗುಳಿಗೆ ಹಾಕಿಡ್ತಾರೆ. ಅದ್ರಲ್ಲಿರೋ ನ್ಯಾಫ್ತಲೀನ್, ಜಿ6ಪಿಡಿ ಅನ್ನೋ ಕಿಣ್ವ ಕಮ್ಮಿ ಇರೋ ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನ ಒಡೆದು ಹಾಕತ್ತೆ, ಎಳೇ ಕೂಸಲ್ಲಿ ಕಾಮಾಲೆ ಜೋರಾಗತ್ತೆ. ನಿಮ್ಮ ಮಗುಗೆ ಆ ಕೊರತೆ ಇದ್ಯೋ ಇಲ್ವೋ ಅನ್ನೋದು ರಕ್ತ ಪರೀಕ್ಷೆ ಮಾಡಿಸ್ದೇ ಗೊತ್ತಾಗಲ್ಲ. ಹಾಗಾಗಿ ಮಗು ಬಟ್ಟೆ ಇಡೋ ಕಡೆ ಗುಳಿಗೆ ತೆಗೆದು ಲಾವಂಚದ ಬೇರು ಇಡಿ, ಮೊದ್ಲೇ ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ ಆದ್ರೆ ಚೆನ್ನಾಗಿ ತೊಳೆದು ವಾಸನೆ ಪೂರ್ತಿ ಹೋಗೋ ತನಕ ಗಾಳಿಗೆ ಹರವಿ. ಮಗು ಬಿಳಚ್ಕೊಂಡ್ರೆ, ಕಣ್ಣು ಹಳದಿ ಆದ್ರೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮನೇಲಿ ನುಸಿಗುಳಿಗೆ ಇತ್ತು ಅಂತ ಡಾಕ್ಟ್ರಿಗೆ ಅವ್ರು ಕೇಳೋ ಮೊದ್ಲೇ ಹೇಳಿ.