ಹೊಸ ನೀರಿಗೆ ಕಾಯುವ ಬಿಳಿಮೀನು

ಜೂನ್ ಎರಡನೇ ವಾರ. ಮಡಿಕೇರಿ ಸುತ್ತ ನಾಲ್ಕು ದಿನ ಬಿಡದೆ ಮಳೆ ಹೊಡೆದಿತ್ತು. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುವ ಜಾಗಕ್ಕೆ ಹೋಗಿ ನಿಂತೆ. ಕಾವೇರಿಗೆ ಹೊಸ ನೀರು ಬಂದಿತ್ತು. ಕೆಂಪಗೆ, ಎಲೆ ಕಡ್ಡಿ ಹೊತ್ತುಕೊಂಡು ನುಗ್ಗುತ್ತಿತ್ತು. ಹಾರಂಗಿ ಮಾತ್ರ ಬೇಸಿಗೆಯಲ್ಲಿ ಇದ್ದ ಹಾಗೇ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಎರಡೂ ಹೊಳೆಯ ಮೇಲಿನ ಬೆಟ್ಟಗಳಿಗೆ ಬಿದ್ದದ್ದು ಒಂದೇ ಮಳೆ.

ದಡದಲ್ಲಿ ಗಾಳ ಹಾಕಿ ಕೂತಿದ್ದ ಅಜ್ಜ ಕೇಳಿದರು: "ಮೇಡಂ, ಹಾರಂಗಿ ಡ್ಯಾಂ ಆದ ಮೇಲೆ ಮೀನು ಜಾಸ್ತಿ ಆಯ್ತಲ್ಲ? ನೀವು ನೋಡಿದ್ರೆ ಕಮ್ಮಿ ಆಯ್ತು ಅಂತೀರಿ."

ಈ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತದೆ. ಅಜ್ಜ ಹೇಳಿದ್ದೂ ನಿಜ. ಜಲಾಶಯಗಳಲ್ಲಿ ಕಟ್ಲಾ, ರೋಹು, ಜಿಲೇಬಿ ಮೀನು ಧಾರಾಳವಾಗಿ ಸಿಗುತ್ತವೆ. ಅವು ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಕಟ್ಲಾ, ರೋಹು ಮರಿಗಳನ್ನು ನಾವೇ ತಂದು ಬಿಡುತ್ತೇವೆ. ಜಿಲೇಬಿಗೆ ಆ ಸಹಾಯವೂ ಬೇಡ. ಆದರೆ ಅವು ಈ ಹೊಳೆಯ ಮೀನಲ್ಲ. ನಾನು ಕಮ್ಮಿ ಆಯ್ತು ಅನ್ನುವುದು ಮಳೆಗಾಲದಲ್ಲಿ ಹೊಳೆ ಹತ್ತಿ ಹೋಗಿ ಮೊಟ್ಟೆ ಇಡುವ ಮೀನುಗಳನ್ನು. ಮಲೆನಾಡಿನವರು ಅದಕ್ಕೆ 'ಹತ್ತುಮೀನು', ಅಂದರೆ ಹತ್ತುವ ಮೀನು ಅನ್ನುತ್ತಾರೆ. ಅದರಲ್ಲಿ ದೊಡ್ಡದು ನಮ್ಮ ಬಿಳಿಮೀನು, ಅಂದರೆ ಮಹಶೀರ್.

ಬಿಳಿಮೀನಿಗೆ ಕ್ಯಾಲೆಂಡರ್ ಇಲ್ಲ. ಬೇಸಿಗೆ ಪೂರ್ತಿ ಆಳದ ಮಡುವಿನಲ್ಲಿ ಇರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಾ ಬರುತ್ತದೆ. ಆಮೇಲೆ ಒಂದು ದಿನ ಹೊಸ ನೀರು ಬರುತ್ತದೆ. ನೀರು ಒಮ್ಮೆಗೇ ತಣ್ಣಗಾಗುತ್ತದೆ, ಕದಡುತ್ತದೆ, ಮಟ್ಟ ಏರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಇಷ್ಟೂ ಸೇರಿದರೆ ಮೀನಿಗೆ ಹೊರಡುವ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ದಾಟಲು ಆಗದ ಕಲ್ಲುಗಳ ಮೇಲೆ ಆಗ ಮೊಣಕಾಲುದ್ದ ನೀರು ಇರುತ್ತದೆ. ಮೀನು ಮೇಲಕ್ಕೆ, ಜಲ್ಲಿಕಲ್ಲಿನ ಹಾಸು ಇರುವ ಕಡೆಗೆ ಹೋಗುತ್ತದೆ.

ಜಲ್ಲಿಯೇ ಯಾಕೆ ಬೇಕು? ರೋಹು ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಬಿಳಿಮೀನು ಇಡುವುದು ಕೆಲವು ಸಾವಿರ. ಮೊಟ್ಟೆ ದೊಡ್ಡದು, ಹಳದಿ ಬಣ್ಣ, ನೀರಿನಲ್ಲಿ ಮುಳುಗಿ ಕಲ್ಲುಗಳ ಸಂದಿಗೆ ಸೇರುತ್ತದೆ. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಮರಿ ಕೂಡಲೇ ಈಜುವುದಿಲ್ಲ. ಹೊಟ್ಟೆಗೆ ಅಂಟಿದ ಹಳದಿ ಚೀಲದ ಆಹಾರ ಮುಗಿಯುವವರೆಗೆ ಕಲ್ಲಿನ ಕೆಳಗೆ, ಬೆಳಕು ಬೀಳದ ಕಡೆ ಗುಂಪಾಗಿ ಮಲಗಿರುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇದನ್ನೆಲ್ಲ ಓದಿದ್ದೆ. ಕಣ್ಣಾರೆ ಕಂಡದ್ದು ಮರಿ ಮಾಡುವ ಕೇಂದ್ರದಲ್ಲಿ. ಟ್ರೇ ಮೇಲಿನ ಮುಚ್ಚಳ ತೆಗೆದರೆ ಸಾಕು, ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಳ್ಳುತ್ತಿದ್ದವು. ಒಂದು ರಾತ್ರಿ ಕೊಳವೆಯಲ್ಲಿ ಕೆಸರು ಬಂದು ಟ್ರೇ ಮೇಲೆ ತೆಳ್ಳಗೆ ಕೂತಿತ್ತು. ಬೆಳಗ್ಗೆ ನೋಡಿದರೆ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಸತ್ತಿದ್ದವು. ಹರಿಯುವ ನೀರು, ತೊಳೆದ ಕಲ್ಲು, ಈ ಎರಡು ಇಲ್ಲದಿದ್ದರೆ ಬಿಳಿಮೀನಿನ ಸಂಸಾರ ಇಲ್ಲ. ಅವತ್ತಿನಿಂದ ನನಗೆ ಇದು ಪುಸ್ತಕದ ಮಾತಾಗಿ ಉಳಿದಿಲ್ಲ.

ಈಗ ಡ್ಯಾಂ ವಿಷಯಕ್ಕೆ ಬರೋಣ. ಹುದುಗೂರಿನ ಹತ್ತಿರ ಹಾರಂಗಿ ಅಣೆಕಟ್ಟು 1982ರಲ್ಲಿ ಮುಗಿಯಿತು. ಗೋಡೆ ಅಡ್ಡ ಬಂದಿದ್ದರಿಂದ ಮೀನು ಹತ್ತಲು ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೊಂದಿದೆ. ಮೇ ಕೊನೆಗೆ ಜಲಾಶಯ ಬಹುತೇಕ ತಳ ಕಂಡಿರುತ್ತದೆ. ಜೂನ್‌ನಲ್ಲಿ ಬರುವ ಹೊಸ ನೀರಷ್ಟನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬುವುದು ಸಾಮಾನ್ಯವಾಗಿ ಜುಲೈನಲ್ಲಿ. ಆಗ ಗೇಟು ಎತ್ತುತ್ತಾರೆ, ಒಮ್ಮೆಲೇ ಸಾವಿರಾರು ಕ್ಯೂಸೆಕ್ ಬರುತ್ತದೆ. ಅಂದರೆ ಕೆಳಗಿನ ಮಡುವಿನಲ್ಲಿ ಕಾಯುತ್ತಿದ್ದ ಮೀನಿಗೆ ಬೇಕಾದ ಹೊತ್ತಿಗೆ ನೀರಿಲ್ಲ, ಬಂದಾಗ ತಡೆಯಲಾರದಷ್ಟು ಬರುತ್ತದೆ. ಕೂಡಿಗೆಯಲ್ಲಿ ನಾನು ನೋಡಿದ್ದು ಇದೇ.

ಬಿಟ್ಟ ನೀರನ್ನು ಪಟ್ಟಂತ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಒಮ್ಮೆ ಒಂದು ಅಣೆಕಟ್ಟಿನ ಕೆಳಗೆ ಸಂಜೆ ಗೇಟು ಇಳಿಸಿದರು. ಬೆಳಗ್ಗೆ ಹೋದರೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಬೆರಳುದ್ದದ ಮರಿಗಳು ಸಿಕ್ಕಿಹಾಕಿಕೊಂಡಿದ್ದವು. ನಾನು, ಊರಿನ ಮೂವರು ಹುಡುಗರು ಬಕೆಟ್‌ನಲ್ಲಿ ಮೊಗೆದು ಹೊಳೆಗೆ ಬಿಟ್ಟೆವು. ಬಿಸಿಲು ಏರುವ ಮೊದಲು ಅರ್ಧದಷ್ಟು ಗುಂಡಿ ಮುಗಿಸಿದ್ದೆವು. ಉಳಿದ ಅರ್ಧ ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಅಣೆಕಟ್ಟಿನ ಮೇಲಿನ ಕಥೆ ಬೇರೆ. ಅಲ್ಲಿ ಉಳಿದ ಬಿಳಿಮೀನಿಗೆ ಜಲಾಶಯವೇ ದೊಡ್ಡ ಮಡು. ಮೇಯಲು ಜಾಗ ಇದೆ, ಮಳೆಗಾಲದಲ್ಲಿ ಹತ್ತಿ ಹೋಗಲು ಮಾದಾಪುರದ ಕಡೆಯ ಹೊಳೆಗಳಿವೆ. ಹಿಮಾಚಲದ ಗೋವಿಂದ ಸಾಗರ, ಪೋಂಗ್ ಜಲಾಶಯಗಳಲ್ಲೂ ಆ ಕಡೆಯ ಮಹಶೀರ್ ಹೀಗೇ ಬದುಕಿದೆ. ಹಾಗಾಗಿ ಜಲಾಶಯ ಎಂದರೆ ಮೀನಿಗೆ ಬರೀ ಸಾವು ಅಂತ ನಾನು ಹೇಳುವುದಿಲ್ಲ. ಮೇಲಿನ ತೋಡು, ಹೊಳೆಗಳು ಚೆನ್ನಾಗಿದ್ದರೆ ಮಾತ್ರ ಈ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಭಾಗದ ಬೆಟ್ಟಗಳು ಕುಸಿದವು. ಮನೆ, ತೋಟ, ಜೀವ ಹೋದ ಆ ದಿನಗಳಲ್ಲಿ ಮೀನಿನ ಮಾತು ಎತ್ತಲು ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಆದರೆ ಆ ಮಣ್ಣೆಲ್ಲ ಹೊಳೆಗೇ ಬಂತು. ಜಲ್ಲಿ ಹಾಸಿನ ಮೇಲೆ ಹೂಳು ಕೂತಿತು, ಜಲಾಶಯಕ್ಕೂ ಹೋಯಿತು. ಟ್ರೇಯಲ್ಲಿ ಒಂದು ರಾತ್ರಿ ಆದದ್ದು ಹೊಳೆಯಲ್ಲಿ ಮೈಲುಗಟ್ಟಲೆ ಆದರೆ ಹೇಗೆ, ಯೋಚಿಸಿ.

ಡ್ಯಾಂಗೆ ಮೀನಿನ ಏಣಿ ಕಟ್ಟಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಸುವ ಏಣಿ ತಗ್ಗಿನ ಕಟ್ಟೆಗಳಿಗೆ, ಸಾಲ್ಮನ್‌ನಂಥ ನೆಗೆಯುವ ಮೀನಿಗೆ ಸರಿ. ನಮ್ಮದು 40 ಮೀಟರಿಗೂ ಎತ್ತರದ ಗೋಡೆ. ಬಿಳಿಮೀನು ಬಲವಾಗಿ ಈಜುತ್ತದೆ, ಆದರೆ ಸಾಲ್ಮನ್ ಹಾಗೆ ನೆಗೆಯುವ ಮೀನಲ್ಲ. ಹತ್ತಿತು ಅಂತಲೇ ಇಟ್ಟುಕೊಳ್ಳಿ, ಮರಿಗಳು ವಾಪಸ್ ಇಳಿಯಬೇಕಲ್ಲ? ನಿಂತ ನೀರಿನಲ್ಲಿ ಅವಕ್ಕೆ ದಾರಿಯೇ ತಿಳಿಯುವುದಿಲ್ಲ. ಅಲ್ಲಿ ತಿನ್ನುವ ಮೀನುಗಳು ಬೇರೆ ಕಾದಿರುತ್ತವೆ. ಅಷ್ಟು ದುಡ್ಡನ್ನು ಏಣಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮರಿ ಬಿಡುವುದಕ್ಕೂ ಎಚ್ಚರ ಬೇಕು. ಹಾರಂಗಿಯಲ್ಲೇ ಮೀನುಗಾರಿಕೆ ಇಲಾಖೆಯ ಕೇಂದ್ರದಲ್ಲಿ ಬಿಳಿಮೀನಿನ ಮರಿ ಮಾಡುತ್ತಾರೆ, ಒಳ್ಳೆಯ ಕೆಲಸ. ಆದರೆ ಕಾವೇರಿಯಲ್ಲಿ ಇರುವುದು ಒಂದೇ ಬಗೆಯ ಬಿಳಿಮೀನಲ್ಲ. ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಒಂದು ಜಾತಿ ಕಾವೇರಿ ಕಣಿವೆ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ 120 ಪೌಂಡ್ ತೂಕದ ಮೀನು ಇದೇ ಜಾತಿಯದು. ಅದು ತೋರ್ ರೆಮಾದೇವಿ ಅಂತ ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅಷ್ಟರಲ್ಲಿ ನೀಲಿ ರೆಕ್ಕೆಯ ಜಾತಿಯ ಮರಿಗಳನ್ನು ಲೋನಾವಳದಿಂದ ತಂದು ಕಾವೇರಿಗೆ ಬಿಟ್ಟು ವರ್ಷಗಳೇ ಆಗಿದ್ದವು. ಆ ಮೀನು ಹೆಚ್ಚಿತು, ಕಿತ್ತಳೆ ರೆಕ್ಕೆಯದು ಅಪರೂಪ ಆಯಿತು. ಬಿಟ್ಟವರು ಒಳ್ಳೆಯದಾಗಲಿ ಅಂತಲೇ ಬಿಟ್ಟರು. ಆದರೆ ಹೊಳೆಯ ತಾಯಿಮೀನು ಯಾವುದು ಅಂತ ನೋಡದೆ ಮರಿ ಬಿಡಬಾರದು.



ನನ್ನ ಬೇಡಿಕೆ ದೊಡ್ಡದಲ್ಲ. ಜೂನ್‌ನಲ್ಲಿ ಮೊದಲ ಹೊಸ ನೀರು ಜಲಾಶಯಕ್ಕೆ ಬಂದಾಗ ಅದರಲ್ಲಿ ಒಂದು ಪಾಲನ್ನು ಮೂರು ನಾಲ್ಕು ದಿನ ಹೊಳೆಗೆ ಬಿಡಿ. ಗೇಟು ಇಳಿಸುವಾಗ ಗಂಟೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಪಿರಿಯಾಪಟ್ಟಣ, ಅರಕಲಗೂಡು ಕಡೆಯ ರೈತರು ಈ ನೀರನ್ನೇ ನಂಬಿದ್ದಾರೆ, ಅವರ ಆತಂಕ ನನಗೆ ಗೊತ್ತು. 2023ರಂಥ ಬರಗಾಲದಲ್ಲಿ ಇದನ್ನು ಕೇಳಲು ನನಗೂ ಬಾಯಿ ಬರುವುದಿಲ್ಲ. ಆದರೆ ಮಳೆ ಚೆನ್ನಾಗಿರುವ ವರ್ಷ ಜುಲೈನಲ್ಲಿ ಹೇಗೂ ಹೆಚ್ಚಿನ ನೀರು ಬಿಡುತ್ತೇವೆ. ಅದರಲ್ಲಿ ಒಂದಿಷ್ಟನ್ನು ಮೂರು ವಾರ ಮೊದಲು ಬಿಟ್ಟರೆ ಗದ್ದೆಗೆ ನಷ್ಟವಿಲ್ಲ.

ಹೊಳೆ, ತೋಡಿನ ಪಕ್ಕ ಇರುವವರಿಗೂ ಒಂದು ಕೆಲಸ ಇದೆ. ನಿಮ್ಮ ತೋಡಿಗೆ ಹೊಸ ನೀರು ಬಂದ ದಿನ, ಹತ್ತುಮೀನು ಮೊದಲು ಕಂಡ ದಿನ, ಎರಡನ್ನೂ ಬರೆದಿಡಿ. ಹೊಟ್ಟೆ ತುಂಬಿದ ಮೀನು ಸಿಕ್ಕರೆ ವಾಪಸ್ ಬಿಡಿ. ಕೂಡಿಗೆಯ ಅಜ್ಜ ತಮ್ಮ ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಪೆನ್ಸಿಲಿನಿಂದ ಗುರುತು ಹಾಕಲು ಶುರು ಮಾಡಿದ್ದಾರೆ. ಹೋದ ವರ್ಷ ಕಾವೇರಿ ಕಡೆಗೆ ಗುರುತು ಬಿದ್ದ ಎಷ್ಟೋ ದಿನಗಳ ನಂತರ ಹಾರಂಗಿ ಕಡೆಗೆ ಬಿತ್ತು.