ಲೋಯ್ ಕ್ರಥಾಂಗ್ ಹಬ್ಬಕ್ಕೆ ಬ್ಯಾಂಕಾಕಿಗೆ ಹೋದರೆ ಆಕಾಶದೀಪ ಹಾರಿಸಬಹುದೇ?

ಆಗದು. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ, ಅದೂ ವಿಮಾನದ ಟಿಕೆಟ್ ಮಾಡಿಸಿಯಾದ ಮೇಲೆ. ಈ ಸಲ ಬಿಡಿಸಿ ಹೇಳುತ್ತೇನೆ.

ಸಾವಿರಾರು ದೀಪ ಒಟ್ಟಿಗೆ ಮೇಲೇರುವ ಆ ಫೋಟೊ ಯೀ ಪೆಂಗ್ ಹಬ್ಬದ್ದು. ಅದು ಥಾಯ್ಲೆಂಡಿನ ಉತ್ತರದ ಲಾನ್ನಾ ಸೀಮೆಯವರ ಆಚರಣೆ, ಚಿಯಾಂಗ್ ಮಾಯ್ ಕಡೆಯದು. ಎರಡು ಹಬ್ಬವೂ ಒಂದೇ ಹುಣ್ಣಿಮೆಗೆ ಬೀಳುವುದರಿಂದ ಪ್ಯಾಕೇಜ್ ಟೂರಿನವರು ಕಲಸಿಬಿಟ್ಟಿದ್ದಾರೆ. ‘ಲೋಯ್’ ಎಂದರೆ ತೇಲಿಬಿಡು, ‘ಕ್ರಥಾಂಗ್’ ಎಂದರೆ ಎಲೆಯ ದೊನ್ನೆ. ನೀರಿನ ಹಬ್ಬವೆಂದು ಹೆಸರೇ ಹೇಳುತ್ತಿದೆ! ಬ್ಯಾಂಕಾಕಿನಲ್ಲಿ ಆಕಾಶದೀಪಕ್ಕೆ ನಿಷೇಧವಿದೆ. ಚಿಯಾಂಗ್ ಮಾಯ್‌ನಲ್ಲೂ ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಮಾತ್ರ ಹಾರಿಸಬೇಕು. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇರುವುದರಿಂದ ಆ ರಾತ್ರಿಗಳಲ್ಲಿ ಎಷ್ಟೋ ವಿಮಾನಗಳನ್ನು ರದ್ದು ಮಾಡುತ್ತಾರೆ. ಎಲ್ಲರೂ ಒಂದೇ ಗಳಿಗೆಗೆ ದೀಪ ಬಿಡುವ ದೊಡ್ಡ ಕಾರ್ಯಕ್ರಮಗಳು ಊರ ಹೊರಗೆ ಟಿಕೆಟ್ ಇಟ್ಟು ನಡೆಯುತ್ತವೆ. ಅಷ್ಟನ್ನೇ ಹಬ್ಬವೆಂದುಕೊಂಡು ಹೋದವರು ಮನೆಗಳ ಮುಂದೆ, ದೇಗುಲಗಳ ಅಂಗಳದಲ್ಲಿ ಸಾಲಾಗಿಟ್ಟ ಮಣ್ಣಿನ ಹಣತೆಗಳನ್ನು ಕಣ್ಣೆತ್ತಿಯೂ ನೋಡದೆ ಬರುತ್ತಾರೆ. ಆ ಹಣತೆಗೆ ಅಲ್ಲಿ ‘ಫಾಂಗ್ ಪ್ರಥೀಪ್’ ಎನ್ನುತ್ತಾರೆ. ನಮ್ಮ ‘ಪ್ರದೀಪ’ವೇ ಅದು. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಹಾಗಾದರೆ ಬ್ಯಾಂಕಾಕ್ ಟಿಕೆಟ್ ದಂಡವೇ? ಖಂಡಿತ ಅಲ್ಲ. ಸಂಜೆ ಬೇಗನೆ ಚಾವೊ ಫ್ರಾಯಾ ನದಿಯ ದಂಡೆಗೆ ಹೋಗಿ. ಕ್ರಥಾಂಗ್ ಎಂದರೆ ಬಾಳೆದಿಂಡಿನ ಬಿಲ್ಲೆ, ಸುತ್ತ ಮೊನೆಮೊನೆಯಾಗಿ ಮಡಚಿದ ಬಾಳೆಲೆ, ನಡುವೆ ಚೆಂಡುಹೂ, ಊದುಬತ್ತಿ, ಮೇಣದಬತ್ತಿ. ದೀಪ ಹಚ್ಚಿ, ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು, ನೀರನ್ನು ಕೊಳೆ ಮಾಡಿದ್ದಕ್ಕೆ ಕ್ಷಮೆ ಕೇಳಿ ತೇಲಿಬಿಡುತ್ತಾರೆ. ಯಾರಲ್ಲಿ ಕ್ಷಮೆ? ‘ಫ್ರಾ ಮೇ ಖೊಂಗ್‌ಖಾ’ಳಲ್ಲಿ, ಅಂದರೆ ಗಂಗಾಮಾತೆಯಲ್ಲಿ. ದಿನ ಹುಡುಕಲು ನಿಮ್ಮ ಮನೆಯ ಕ್ಯಾಲೆಂಡರ್ ತೆಗೆಯಿರಿ: 2023ರ ನವೆಂಬರ್ 27, 2024ರ ನವೆಂಬರ್ 15, 2025ರ ನವೆಂಬರ್ 5, ಮೂರೂ ನಮ್ಮ ಕಾರ್ತಿಕ ಹುಣ್ಣಿಮೆಗಳೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಮರುದಿನ ಆ ದೊನ್ನೆಗಳೆಲ್ಲ ಏನಾಗುತ್ತವೆ? 2023ರಲ್ಲಿ ಬ್ಯಾಂಕಾಕಿನ ನಗರಾಡಳಿತದವರು ನೀರಿನಿಂದ ಎತ್ತಿದ್ದು 6 ಲಕ್ಷಕ್ಕೂ ಹೆಚ್ಚು. ಆದ್ದರಿಂದ ಕೊಳ್ಳುವ ಮುಂಚೆ ಮಗುಚಿ ತಳ ನೋಡಿ. ಥರ್ಮೊಕೋಲ್ ಇದ್ದರೆ ಬೇಡ. ಬಾಳೆಲೆಗೆ ಗುಂಡುಪಿನ್ನು ಚುಚ್ಚಿದ್ದರೂ ಬೇಡ, ಬಿದಿರಕಡ್ಡಿ ಚುಚ್ಚಿದ್ದನ್ನು ಕೇಳಿ ಪಡೆಯಿರಿ. ಬ್ರೆಡ್ಡಿನದನ್ನು ಮೀನು ತಿನ್ನುತ್ತವೆ ಎಂದು ಮಾರುತ್ತಾರೆ. ರಾಶಿ ಬಿದ್ದರೆ ಕೊಳೆತು ನೀರು ಕೆಡುತ್ತದೆ. ಮನೆಮಂದಿಗೆಲ್ಲ ಸೇರಿ ಒಂದೇ ಸಾಕು.